ಹಳೆಯ ಹಾಯಿಹಡಗಿನಲ್ಲಿ ತರಬೇತಿ ಯಾನ: ಮೈಸೂರು, ಮಂಡ್ಯದವರಿಗೊಂದು ಮಾರ್ಗದರ್ಶಿ

ಜೀರ್ಣೋದ್ಧಾರಗೊಂಡ ಹಳೆಯ ಹಾಯಿಹಡಗುಗಳಲ್ಲಿ ಸಾಮಾನ್ಯ ಜನರನ್ನು ಹತ್ತಿಸಿಕೊಂಡು, ಅವರ ಕೈಯಿಂದಲೇ ಹಾಯಿ ಬಿಚ್ಚಿಸಿ, ಚುಕ್ಕಾಣಿ ಹಿಡಿಸಿ, ರಾತ್ರಿ ಕಾವಲು ಮಾಡಿಸಿ ಸಮುದ್ರ ದಾಟಿಸುವ ತರಬೇತಿ ಯಾನಗಳು ಯುರೋಪ್, ಉತ್ತರ ಅಮೆರಿಕ ಮತ್ತು ಆಸ್ಟ್ರೇಲಿಯಾಗಳಲ್ಲಿ ಬಹುಕಾಲದಿಂದ ನಡೆದುಬಂದಿವೆ. ಇವುಗಳಿಗೆ ಸೇರಲು ನೌಕಾಪಡೆಯವರೇ ಆಗಿರಬೇಕೆಂದಿಲ್ಲ. ಹಿಂದೆ ಎಂದಾದರೂ ಹಡಗು ಹತ್ತಿರಬೇಕೆಂಬ ಷರತ್ತೂ ಸಾಮಾನ್ಯವಾಗಿ ಇರುವುದಿಲ್ಲ. ಆದರೆ ಕನ್ನಂಬಾಡಿಯ ಹಿನ್ನೀರೇ ನೋಡಿದ ಅತಿದೊಡ್ಡ ನೀರೆನ್ನುವ ನಮ್ಮ ಕಡೆಯವರು ಇಂಥ ಯಾನಕ್ಕೆ ಹೊರಟಾಗ ಮಾಡಿಕೊಳ್ಳಬೇಕಾದ ಸಿದ್ಧತೆ, ಕಡಲ ತೀರದಲ್ಲಿ ಬೆಳೆದವರಿಗಿಂತ ಸ್ವಲ್ಪ ಬೇರೆಯದೇ. ಹಡಗನ್ನು ಆರಿಸುವುದರಿಂದ ಹಿಡಿದು ಯಾನ ಮುಗಿಸಿ ಇಳಿಯುವವರೆಗೆ ಏನೇನು ಮಾಡಬೇಕು, ಯಾವ ಕ್ರಮದಲ್ಲಿ ಮಾಡಬೇಕು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ. ಇಡೀ ಸಿದ್ಧತೆಯಲ್ಲಿ ನಾನು ಹೆಚ್ಚು ತೂಕ ಕೊಡುವುದು ಎರಡು ವಿಷಯಗಳಿಗೆ: ಹಡಗಿನ ಬಗ್ಗೆ ಮೊದಲೇ ಕೇಳುವ ಪ್ರಶ್ನೆಗಳಿಗೆ ಮತ್ತು ಹಗ್ಗದ ಅಭ್ಯಾಸಕ್ಕೆ. ಉಳಿದದ್ದನ್ನು ದುಡ್ಡು ಕೊಟ್ಟು ಕೊಳ್ಳಬಹುದು, ಇಲ್ಲವೇ ಹಡಗಿನಲ್ಲೇ ಕಲಿಯಬಹುದು.

ಮೊದಲು ತಿಳಿದುಕೊಳ್ಳಬೇಕಾದದ್ದು

ಶುಲ್ಕ ಕಟ್ಟಿ ಹೋಗುತ್ತೀರಿ ನಿಜ, ಆದರೆ ನೀವು ಅಲ್ಲಿ ಪ್ರಯಾಣಿಕರಲ್ಲ. ಹಡಗಿಗೆ ಬಂದ ತರಬೇತಿದಾರರನ್ನು, ಅಂದರೆ ತರಬೇತಿ ಪಡೆಯಲು ಬಂದವರನ್ನು, ಮೂರು ತಂಡಗಳಾಗಿ ಹಂಚುವುದು ಸಾಮಾನ್ಯ ಪದ್ಧತಿ. ಈ ತಂಡಗಳಿಗೆ ‘ವಾಚ್’ ಎನ್ನುತ್ತಾರೆ. ಒಂದು ತಂಡ ನಾಲ್ಕು ಗಂಟೆ ಕೆಲಸ ಮಾಡಿ ಎಂಟು ಗಂಟೆ ಬಿಡುವು ಪಡೆಯುತ್ತದೆ. ಹೀಗಾಗಿ ಎಂಟರಿಂದ ಹನ್ನೆರಡರ ಪಾಳಿ ಬಂದವರಿಗೆ ಬೆಳಿಗ್ಗೆಯೂ ರಾತ್ರಿಯೂ ಅದೇ ಪಾಳಿ. ಹನ್ನೆರಡರಿಂದ ನಾಲ್ಕರವರು ಮಧ್ಯಾಹ್ನ ಒಮ್ಮೆ, ನಡುರಾತ್ರಿ ಒಮ್ಮೆ ಮೇಲೆ ಬರಬೇಕು. ನಾಲ್ಕರಿಂದ ಎಂಟರವರಿಗೆ ಸೂರ್ಯೋದಯ, ಸೂರ್ಯಾಸ್ತ ಎರಡೂ ಸಿಗುತ್ತವೆ. ಪಾಳಿಯಲ್ಲಿರುವಾಗ ಒಬ್ಬರು ಚುಕ್ಕಾಣಿಯ ಬಳಿ, ಒಬ್ಬರು ಹಡಗಿನ ಮುಂಭಾಗದಲ್ಲಿ ಕಾವಲಿಗೆ, ಒಬ್ಬರು ಬೆಂಕಿ ಮತ್ತು ಸುರಕ್ಷತೆಯ ಸುತ್ತಿಗೆ, ಉಳಿದವರು ಹಾಯಿ ಎಳೆಯಲು ಸಿದ್ಧರಾಗಿ ಇರಬೇಕಾಗುತ್ತದೆ. ಇದರ ಜೊತೆಗೆ ಡೆಕ್ ತೊಳೆಯುವುದು, ಹಿತ್ತಾಳೆ ಉಜ್ಜುವುದು, ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುವುದು, ಶೌಚಾಲಯ ಸ್ವಚ್ಛಗೊಳಿಸುವುದು ಸಹ ಸರದಿಯ ಪ್ರಕಾರ ಎಲ್ಲರ ಪಾಲಿಗೂ ಬರುತ್ತವೆ. ಮನೆಯಲ್ಲಿ ಉಂಡ ತಟ್ಟೆಯನ್ನು ಎತ್ತಿಡದ ಮಗನನ್ನು ಕಳುಹಿಸಲು ಯೋಚಿಸುತ್ತಿರುವ ತಂದೆತಾಯಿಗಳು ಇದನ್ನು ಅವನಿಗೆ ಮೊದಲೇ ಹೇಳುವುದು ಒಳ್ಳೆಯದು.

ಹಡಗನ್ನು ಆರಿಸುವುದು

ಹಾಯಿ ತರಬೇತಿಗೆ ಬಳಸುವ ಹಡಗುಗಳಲ್ಲಿ ಮೂರು ಬಗೆಗಳಿವೆ. ಮೊದಲನೆಯದು, ಹುಟ್ಟಿನಿಂದಲೇ ತರಬೇತಿಗೆಂದು ಕಟ್ಟಲ್ಪಟ್ಟು ಇಂದಿಗೂ ಅದೇ ಕೆಲಸ ಮಾಡುತ್ತಿರುವ ಹಳೆಯ ಹಡಗುಗಳು. ನಾರ್ವೆಯ ಬರ್ಗೆನ್ ಬಂದರಿನ ‘ಸ್ಟಾಟ್ಸ್‌ರಾಡ್ ಲೇಮ್ಕುಲ್’ ಇದಕ್ಕೆ ಒಳ್ಳೆಯ ಉದಾಹರಣೆ. 1914ರಲ್ಲಿ ಜರ್ಮನಿಯ ಬ್ರೇಮರ್‌ಹಾಫನ್‌ನಲ್ಲಿ ಬೇರೆ ಹೆಸರಿನಿಂದ ಕಟ್ಟಲಾದ ಈ ಹಡಗು ಮೊದಲ ಮಹಾಯುದ್ಧದ ನಂತರ ಬ್ರಿಟನ್ನಿನ ಕೈಸೇರಿ, 1921ರಲ್ಲಿ ನಾರ್ವೆಗೆ ಬಂತು. ಸುಮಾರು 98 ಮೀಟರ್ ಉದ್ದದ, ಮೂರು ಕೂವೆಮರಗಳ (ಹಾಯಿ ಕಟ್ಟುವ ಎತ್ತರದ ಕಂಬಗಳ), 22 ಹಾಯಿಗಳ ಈ ಉಕ್ಕಿನ ಹಡಗಿನಲ್ಲಿ ತರಬೇತಿದಾರರು ಸಾಲಾಗಿ ಕಟ್ಟಿದ ತೂಗುಹಾಸಿಗೆಗಳಲ್ಲಿ ಮಲಗುತ್ತಾರೆ. ನಾರ್ವೆಯದೇ ಆದ ‘ಸೋರ್‌ಲಾಂಡೆಟ್’ (1927) ಮತ್ತು ‘ಕ್ರಿಶ್ಚಿಯನ್ ರಾಡಿಕ್’ (1937) ಸಹ ಇದೇ ವರ್ಗಕ್ಕೆ ಸೇರಿದವು.

ಎರಡನೆಯದು, ಬೇರೆ ಕೆಲಸಕ್ಕೆಂದು ಹುಟ್ಟಿ, ನಂತರ ಹೊಸ ರೂಪ ಪಡೆದ ಹಡಗುಗಳು. ಡಚ್ಚರ ‘ಯುರೋಪಾ’ 1911ರಲ್ಲಿ ಹ್ಯಾಂಬರ್ಗ್‌ನಲ್ಲಿ ಕಟ್ಟಲ್ಪಟ್ಟಾಗ ಎಲ್ಬೆ ನದಿಯ ಮುಖದಲ್ಲಿ ದಾರಿ ತೋರಿಸುವ ದೀಪದ ಹಡಗಾಗಿತ್ತು. 1990ರ ದಶಕದಲ್ಲಿ ಅದನ್ನು ಪೂರ್ಣವಾಗಿ ನವೀಕರಿಸಿ, ಮೂರು ಕೂವೆಗಳ ‘ಬಾರ್ಕ್’ ಆಗಿ ಪರಿವರ್ತಿಸಲಾಯಿತು. ಮುಂದಿನ ಎರಡು ಕೂವೆಗಳಲ್ಲಿ ಅಡ್ಡ ಮರಗಳಿಂದ ತೂಗುವ ಚೌಕ ಹಾಯಿಗಳೂ, ಹಿಂದಿನ ಕೂವೆಯಲ್ಲಿ ಹಡಗಿನ ಉದ್ದಕ್ಕೆ ಸಾಗುವ ಹಾಯಿಗಳೂ ಇರುವ ವಿನ್ಯಾಸಕ್ಕೆ ಬಾರ್ಕ್ ಎನ್ನುತ್ತಾರೆ. ‘ಪಿಕ್ಟನ್ ಕಾಸಲ್’ ಎಂಬ ಇನ್ನೊಂದು ಬಾರ್ಕ್ 1928ರಲ್ಲಿ ಮೀನು ಹಿಡಿಯುವ ಹಡಗಾಗಿ ಹುಟ್ಟಿತು. ಮೂರನೆಯ ಬಗೆ, ಬಹುತೇಕ ಸತ್ತೇ ಹೋಗಿದ್ದ ಹಡಗನ್ನು ಎತ್ತಿ ಬದುಕಿಸಿದ್ದು. 1874ರಲ್ಲಿ ಇಂಗ್ಲೆಂಡಿನ ಸಂಡರ್‌ಲೆಂಡ್‌ನಲ್ಲಿ ಕಟ್ಟಿದ ಕಬ್ಬಿಣದ ‘ಜೇಮ್ಸ್ ಕ್ರೇಗ್’ ತಾಸ್ಮೇನಿಯಾದ ರಿಚೆರ್ಚ್ ಕೊಲ್ಲಿಯಲ್ಲಿ ನೆಲ ಕಚ್ಚಿ ದಶಕಗಳ ಕಾಲ ಬಿದ್ದಿತ್ತು. 1972ರಲ್ಲಿ ಅದನ್ನು ಸ್ವಯಂಸೇವಕರು ತೇಲಿಸಿ, ಮುಂದೆ ಸಿಡ್ನಿಯಲ್ಲಿ ವರ್ಷಗಟ್ಟಲೆ ದುಡಿದು ಮತ್ತೆ ಹಾಯಿ ಏರುವಂತೆ ಮಾಡಿದರು. ಈ ಮೂರನೆಯ ವರ್ಗದ ಹಡಗುಗಳು ಇತಿಹಾಸ ಪ್ರೇಮಿಗಳಿಗೆ ಪ್ರಿಯವಾದರೂ ಅನೇಕ ಬಾರಿ ಅವು ದಿನದ ಯಾನಕ್ಕಷ್ಟೇ ಸೀಮಿತವಾಗಿರುತ್ತವೆ. ಆದ್ದರಿಂದ ಇಷ್ಟು ದೂರದಿಂದ ಹೋಗುವವರು ಮೊದಲೆರಡು ವರ್ಗಗಳಲ್ಲಿ ಹುಡುಕುವುದೇ ಲಾಭದಾಯಕ.

ಮೊದಲ ಯಾನಕ್ಕೆ ಒಂದು ವಾರದಿಂದ ಹತ್ತು ದಿನದೊಳಗಿನದನ್ನು ಆರಿಸಿಕೊಳ್ಳಿ. ಅದಕ್ಕಿಂತ ಚಿಕ್ಕದಾದರೆ ವಾಂತಿ ನಿಲ್ಲುವ ಹೊತ್ತಿಗೆ ಬಂದರು ಬಂದಿರುತ್ತದೆ. ಅಟ್ಲಾಂಟಿಕ್ ದಾಟುವ ವಾರಗಟ್ಟಲೆಯ ಯಾನವನ್ನೇ ಮೊದಲ ಸಲಕ್ಕೆ ಹಿಡಿಯುವುದು ಅತಿಯಾಸೆ ಎಂದು ನನ್ನ ಅಭಿಪ್ರಾಯ. ನಡುವೆ ಇಳಿದುಹೋಗಲು ದಾರಿಯೇ ಇರುವುದಿಲ್ಲ.

ಇನ್ನು ಕೇಳಬೇಕಾದ ಪ್ರಶ್ನೆಗಳು. ಹಡಗು ಎಷ್ಟು ಸುಂದರವಾಗಿದೆ ಎಂಬುದನ್ನು ಚಿತ್ರಗಳು ಹೇಳುತ್ತವೆ, ಎಷ್ಟು ಗಟ್ಟಿಯಾಗಿದೆ ಎಂಬುದನ್ನು ಹೇಳುವುದಿಲ್ಲ. ಹಡಗು ಯಾವ ದೇಶದ ಧ್ವಜದಡಿ ನೋಂದಣಿಯಾಗಿದೆ, ಎಷ್ಟು ತರಬೇತಿದಾರರನ್ನು ಒಯ್ಯಲು ಪ್ರಮಾಣಪತ್ರವಿದೆ, ಆ ಪ್ರಮಾಣಪತ್ರ ನೀವು ಹೋಗುವ ಸಮುದ್ರಕ್ಕೂ ಋತುವಿಗೂ ಅನ್ವಯಿಸುತ್ತದೆಯೇ, ಕೊನೆಯ ಬಾರಿ ಒಣಗೋದಿಗೆ (ನೀರಿಲ್ಲದ ದುರಸ್ತಿ ಕಟ್ಟೆಗೆ, ಡ್ರೈ ಡಾಕ್) ಏರಿಸಿ ತಳವನ್ನು ಪರೀಕ್ಷಿಸಿದ್ದು ಯಾವಾಗ, ಕಾಯಂ ಸಿಬ್ಬಂದಿ ಎಷ್ಟು ಮಂದಿ, ಎಂಜಿನ್ ಇದೆಯೇ ಎಂಬ ಪ್ರಶ್ನೆಗಳನ್ನು ಇಮೇಲ್‌ನಲ್ಲಿ ಬರೆದು ಕೇಳಿ. ಒಳ್ಳೆಯ ಸಂಸ್ಥೆಗಳು ಇದರಿಂದ ಬೇಸರಿಸಿಕೊಳ್ಳುವುದಿಲ್ಲ. ಉತ್ತರ ಬಾರದಿದ್ದರೆ, ಅಥವಾ ‘ನೂರು ವರ್ಷದಿಂದ ತೇಲುತ್ತಿದೆ, ಚಿಂತೆ ಬೇಡ’ ಎಂಬ ಧಾಟಿಯ ಉತ್ತರ ಬಂದರೆ, ಹಣ ಕಟ್ಟಬೇಡಿ.

ಈ ಎಚ್ಚರಿಕೆಗೆ ಕಾರಣವಿದೆ. 1984ರಲ್ಲಿ ಬರ್ಮುಡಾ ಬಳಿ ‘ಮಾರ್ಕೆಸ್’ ಎಂಬ ಹಳೆಯ ಮರದ ಹಾಯಿಹಡಗು ಹಠಾತ್ ಗಾಳಿಗೆ ಸಿಲುಕಿ ಮುಳುಗಿದಾಗ ಅದರಲ್ಲಿದ್ದ 28 ಮಂದಿಯಲ್ಲಿ 19 ಮಂದಿ ತೀರಿಕೊಂಡರು. 2012ರಲ್ಲಿ ಸ್ಯಾಂಡಿ ಚಂಡಮಾರುತದ ಮುನ್ಸೂಚನೆ ಇದ್ದೂ ಸಮುದ್ರಕ್ಕಿಳಿದ ‘ಬೌಂಟಿ’ ಮುಳುಗಿ ಇಬ್ಬರು ಸತ್ತರು, ಅವರಲ್ಲಿ ಕ್ಯಾಪ್ಟನ್ ಒಬ್ಬರು. 2013ರ ಜುಲೈಯಲ್ಲಿ ‘ಆಸ್ಟ್ರಿಡ್’ ಎಂಬ ಜೀರ್ಣೋದ್ಧಾರಗೊಂಡ ಡಚ್ ಹಡಗಿನ ಎಂಜಿನ್ ಐರ್ಲೆಂಡಿನ ಕಿನ್‌ಸೇಲ್ ಬಳಿ ಬಂಡೆಗಳ ಸಮೀಪದಲ್ಲೇ ನಿಂತುಹೋಯಿತು. ಹಡಗು ಒಡೆಯಿತು, ಆದರೆ 30 ಮಂದಿಯೂ ಉಳಿದರು. ಇವಕ್ಕೆ ಎದುರಾಗಿ 2010ರ ‘ಕಾಂಕಾರ್ಡಿಯಾ’ ಪ್ರಕರಣವನ್ನು ಇಡಬೇಕು. ಬ್ರೆಜಿಲ್ ತೀರದಿಂದ ದೂರದಲ್ಲಿ, ವಿದ್ಯಾರ್ಥಿಗಳೇ ತುಂಬಿದ್ದ ಆ ಹಡಗು ಗಾಳಿಗೆ ಮಗುಚಿ ಮುಳುಗಿದರೂ 64 ಮಂದಿಯಲ್ಲಿ ಒಬ್ಬರೂ ಸಾಯಲಿಲ್ಲ. ಎಲ್ಲರೂ ಜೀವರಕ್ಷಕ ತೆಪ್ಪಗಳಲ್ಲಿ ಗಂಟೆಗಟ್ಟಲೆ ಕಾದು ಬದುಕಿ ಬಂದರು. ಹಡಗಿನ ಮೇಲೆ ಮಾಡಿಸುವ ಸುರಕ್ಷತಾ ಅಭ್ಯಾಸವನ್ನು ಶಾಲೆಯ ಡ್ರಿಲ್ ಎಂದು ಹಗುರವಾಗಿ ಕಾಣುವವರು ಈ ಕಡೆಯದನ್ನು ನೆನಪಿಡಬೇಕು. ಇಷ್ಟೆಲ್ಲ ಹೇಳಿದ್ದು ಹೆದರಿಸಲಿಕ್ಕಲ್ಲ. ರಡಾರ್, ಜಿಪಿಎಸ್, ಉಪಗ್ರಹ ಸಂಪರ್ಕ, ತುರ್ತು ಸಂಕೇತ ಕಳುಹಿಸುವ ಬೀಕನ್, ಎಲ್ಲರಿಗೂ ಸಾಲುವಷ್ಟು ತೆಪ್ಪಗಳು ಇಂದಿನ ತರಬೇತಿ ಹಡಗುಗಳಲ್ಲಿ ಇರಲೇಬೇಕಾದವು. ಹಳೆಯದು ಹಾಯಿ ಮತ್ತು ಹಗ್ಗ ಮಾತ್ರ, ಸುರಕ್ಷತೆ ಈ ಕಾಲದ್ದಾಗಿರಬೇಕು.

ನಮ್ಮ ದೇಶದೊಳಗೆ ದಾರಿ ಇದೆಯೇ

ಇದೆ, ಆದರೆ ಬಹಳ ಕಿರಿದು. ನೌಕಾಪಡೆಯ ‘ತರಂಗಿಣಿ’ (1997) ಮತ್ತು ‘ಸುದರ್ಶಿನಿ’ (2012) ಎರಡೂ ಗೋವಾ ಶಿಪ್‌ಯಾರ್ಡ್‌ನಲ್ಲಿ ಹಳೆಯ ಮಾದರಿಯಲ್ಲಿ ಹೊಸದಾಗಿ ಕಟ್ಟಿದ ಮೂರು ಕೂವೆಗಳ ಬಾರ್ಕ್‌ಗಳು. ಇವು ನೌಕಾಪಡೆಗೆ ಸೇರಿದ ಯುವ ಅಧಿಕಾರಿಗಳ ತರಬೇತಿಗೆ ಮೀಸಲು. ಟಿಕೆಟ್ ಕೊಂಡು ಹತ್ತುವಂತಿಲ್ಲ. 2025ರ ಮೇ ತಿಂಗಳಲ್ಲಿ ನಮ್ಮದೇ ಕಾರವಾರದಲ್ಲಿ ನೌಕಾಪಡೆಗೆ ಸೇರಿದ ‘ಕೌಂಡಿನ್ಯ’ ಇನ್ನೂ ವಿಶೇಷವಾದದ್ದು: ಅಜಂತಾದ ಚಿತ್ರವೊಂದನ್ನು ಆಧರಿಸಿ, ಮೊಳೆ ಹೊಡೆಯದೆ, ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟಿದ ಹಡಗು. ಅದು 2025ರ ಡಿಸೆಂಬರ್ ಕೊನೆಯಲ್ಲಿ ಪೋರಬಂದರಿನಿಂದ ಹೊರಟು ಒಮಾನಿನ ಮಸ್ಕತ್ ತಲುಪಿತು. ಇದರಲ್ಲೂ ಸಾರ್ವಜನಿಕರಿಗೆ ಪ್ರವೇಶವಿಲ್ಲ.

ಕಾಲೇಜಿನಲ್ಲಿರುವವರಿಗೆ ಎನ್‌ಸಿಸಿಯ ನೌಕಾ ವಿಭಾಗ ಒಂದು ಬಾಗಿಲು. ಅಲ್ಲಿ 27 ಅಡಿಯ ‘ವೇಲರ್’ ದೋಣಿಯಲ್ಲಿ ಹುಟ್ಟು ಹಾಕುವುದನ್ನೂ ಹಾಯಿ ಕಟ್ಟುವುದನ್ನೂ ಕಲಿಸುತ್ತಾರೆ. ಕಾಲೇಜು ದಾಟಿದವರು ಗೋವಾದ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆಯ ಕೋರ್ಸುಗಳನ್ನೋ, ಬೆಂಗಳೂರು, ಹೈದರಾಬಾದಿನ ಕೆರೆಗಳಲ್ಲಿ ಸಣ್ಣ ಹಾಯಿದೋಣಿ ಕಲಿಸುವ ಕ್ಲಬ್‌ಗಳನ್ನೋ ವಿಚಾರಿಸಬಹುದು. ಗಾಳಿ ಎಲ್ಲಿಂದ ಬರುತ್ತಿದೆ ಎಂಬುದನ್ನು ಕೆನ್ನೆಯಲ್ಲಿ ಗುರುತಿಸುವ ಅಭ್ಯಾಸ ಒಂದು ಸಣ್ಣ ದೋಣಿಯಲ್ಲಿ ಬಂದುಬಿಟ್ಟರೆ ದೊಡ್ಡ ಹಡಗಿನಲ್ಲಿ ಕೆಲಸ ಅರ್ಧ ಹಗುರವಾಗುತ್ತದೆ.

ಕಾಗದಪತ್ರ ಮತ್ತು ಹಣ

ಪಾಸ್‌ಪೋರ್ಟ್ ಇಲ್ಲದವರು ಅಲ್ಲಿಂದ ಆರಂಭಿಸಬೇಕು. ಮೈಸೂರಿನವರಿಗೆ ಇದು ಸುಲಭ. ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಸೇವೆ ಕೊಡುವ ಯೋಜನೆ 2017ರ ಜನವರಿಯಲ್ಲಿ ದೇಶದಲ್ಲೇ ಮೊದಲು ಶುರುವಾದದ್ದು ಮೈಸೂರು ಮತ್ತು ಗುಜರಾತಿನ ದಾಹೋದ್‌ಗಳಲ್ಲಿ. ವೀಸಾಕ್ಕೆ ಮಾತ್ರ ಬೆಂಗಳೂರಿಗೆ ಹೋಗಿ ಬೆರಳಚ್ಚು ಕೊಡಬೇಕು.

ನಾರ್ವೆ, ನೆದರ್‌ಲ್ಯಾಂಡ್ಸ್ ಮುಂತಾದ ದೇಶಗಳ ಬಂದರಿನಿಂದ ಹೊರಡುವ ಹಡಗಾದರೆ, ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಷೆಂಗೆನ್ ವೀಸಾ ಬೇಕು. ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು, ಕನಿಷ್ಠ ಹದಿನೈದು ದಿನ ಮೊದಲಾದರೂ ಹಾಕಿರಬೇಕು. ಬೇಸಿಗೆ ರಜೆಯಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟವಾದ್ದರಿಂದ ಮೂರು ತಿಂಗಳ ಮೊದಲೇ ತಯಾರಾಗಿರಿ. ಕನಿಷ್ಠ 30,000 ಯೂರೋ ವೆಚ್ಚ ಭರಿಸುವ ಪ್ರಯಾಣ ವಿಮೆ ಕಡ್ಡಾಯ. ವಿಮೆ ಮಾಡಿಸುವಾಗ ‘ಹಾಯಿಹಡಗಿನಲ್ಲಿ ಕೂವೆ ಹತ್ತಿ ಕೆಲಸ ಮಾಡುವುದು’ ಒಳಗೊಂಡಿದೆಯೇ ಎಂದು ಬರಹದಲ್ಲಿ ಕೇಳಿ ಪಡೆಯಿರಿ. ಮಾಮೂಲಿ ಪ್ರವಾಸದ ಪಾಲಿಸಿಗಳು ಸಾಹಸ ಚಟುವಟಿಕೆಗಳನ್ನು ಹೊರಗಿಡುವುದು ಸಾಮಾನ್ಯ.

ಹಲವರು ಎಡವುವ ಜಾಗ ಮುಂದಿನದು. ಅನೇಕ ಸಲ ಹಡಗು ಒಂದು ದೇಶದಲ್ಲಿ ಹತ್ತಿಸಿ ಇನ್ನೊಂದು ದೇಶದಲ್ಲಿ ಇಳಿಸುತ್ತದೆ, ಇಲ್ಲವೇ ನಡುವೆ ಬೇರೆ ದೇಶದ ಬಂದರನ್ನು ಮುಟ್ಟುತ್ತದೆ. ಬರ್ಗೆನ್‌ನಲ್ಲಿ ಹತ್ತಿ ಸ್ಕಾಟ್ಲೆಂಡಿನ ಬಂದರೊಂದನ್ನು ಮುಟ್ಟಿ ಮತ್ತೆ ನಾರ್ವೆಗೆ ಮರಳುವ ಯಾನವಾದರೆ, ಷೆಂಗೆನ್ ವಲಯದಿಂದ ಹೊರಗೆ ಹೋಗಿ ಒಳಗೆ ಬಂದ ಹಾಗಾಗುವುದರಿಂದ ಒಂದಕ್ಕಿಂತ ಹೆಚ್ಚು ಬಾರಿ ಪ್ರವೇಶ ಕೊಡುವ ವೀಸಾ ಬೇಕು, ಜೊತೆಗೆ ಬ್ರಿಟನ್ನಿನ ವೀಸಾ ಪ್ರತ್ಯೇಕ. ಹಡಗಿನವರ ಪಟ್ಟಿಯಲ್ಲಿ ನಿಮ್ಮ ಹೆಸರು ‘ತರಬೇತಿ ಸಿಬ್ಬಂದಿ’ ಎಂದಿದ್ದ ಮಾತ್ರಕ್ಕೆ ನಾವಿಕರಿಗೆ ಸಿಗುವ ವೀಸಾ ರಿಯಾಯಿತಿ ನಿಮಗೂ ಸಿಗುತ್ತದೆಂದು ಭಾವಿಸಬೇಡಿ. ಹಡಗಿನ ಕಚೇರಿಯಿಂದ ಯಾನದ ದಿನಾಂಕ, ಹತ್ತುವ ಮತ್ತು ಇಳಿಯುವ ಬಂದರು, ಕಟ್ಟಿದ ಶುಲ್ಕ ನಮೂದಿಸಿದ ಪತ್ರ ತರಿಸಿಕೊಂಡು ಅರ್ಜಿಗೆ ಲಗತ್ತಿಸಿ.

ಶುಲ್ಕದಲ್ಲಿ ಸಾಮಾನ್ಯವಾಗಿ ಮಲಗುವ ಜಾಗ, ಊಟ, ತರಬೇತಿ, ಬೀಳದಂತೆ ಸೊಂಟಕ್ಕೆ ಕಟ್ಟಿಕೊಳ್ಳುವ ಸುರಕ್ಷತಾ ಪಟ್ಟಿ ಸೇರಿರುತ್ತವೆ. ವಿಮಾನ, ವೀಸಾ, ವಿಮೆ, ಬಂದರಿನಲ್ಲಿ ತಂಗುವ ಖರ್ಚು ಸೇರಿರುವುದಿಲ್ಲ. ಹಡಗು ಹೊರಡುವ ದಿನಕ್ಕಿಂತ ಒಂದು ದಿನ ಮೊದಲೇ ಊರು ಸೇರಿ, ಯಾನ ಮುಗಿಯುವ ದಿನಕ್ಕಿಂತ ಕನಿಷ್ಠ ಒಂದು ದಿನ ತಡವಾಗಿ ಮರಳುವ ವಿಮಾನ ಕಾಯ್ದಿರಿಸಿ. ಗಾಳಿ ಎದುರಾದರೆ ಹಾಯಿಹಡಗು ತಡವಾಗುವುದು ಸಹಜ, ಅದಕ್ಕಾಗಿ ವಿಮಾನ ಕಂಪನಿ ಹಣ ಹಿಂದಿರುಗಿಸುವುದಿಲ್ಲ. ಯುವಜನರಿಗೆ ರಿಯಾಯಿತಿ ಇರುವ ಯಾನಗಳೂ ಉಂಟು: 1956ರಲ್ಲಿ ಇಂಗ್ಲೆಂಡಿನ ಟಾರ್‌ಬೇಯಿಂದ ಲಿಸ್ಬನ್‌ವರೆಗೆ ಮೊದಲು ನಡೆದ ‘ಟಾಲ್ ಷಿಪ್ಸ್ ರೇಸ್’ ಎಂಬ ಹಾಯಿಹಡಗು ಸ್ಪರ್ಧೆಯ ಈಗಿನ ನಿಯಮದ ಪ್ರಕಾರ ಪಾಲ್ಗೊಳ್ಳುವ ಹಡಗಿನಲ್ಲಿ ಕನಿಷ್ಠ ಅರ್ಧ ಮಂದಿ 15ರಿಂದ 25 ವರ್ಷದವರಿರಬೇಕು. ಹಾಗಾಗಿ ಆ ವಯಸ್ಸಿನವರಿಗೆ ಬೇಡಿಕೆಯೇ ಇರುತ್ತದೆ.

ಮೈ ಕೈ ತಯಾರಿ

ಕಟ್ಟುಮಸ್ತಾದ ಮೈ ಬೇಕಿಲ್ಲ. ಏಣಿ ಹತ್ತಿಳಿಯುವ, ಹಗ್ಗ ಹಿಡಿದು ಎಲ್ಲರ ಜೊತೆ ಒಂದೇ ತಾಳದಲ್ಲಿ ಎಳೆಯುವ, ಅರ್ಧ ನಿದ್ದೆಯಲ್ಲಿ ಎದ್ದು ನಿಲ್ಲುವ ಶಕ್ತಿ ಸಾಕು. ಎರಡು ತಿಂಗಳು ಮೊದಲಿನಿಂದ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನು ವಾರಕ್ಕೆರಡು ಸಲ ಹತ್ತಿ. ಮಂಡ್ಯದ ಕಡೆಯವರಿಗೆ ಮೇಲುಕೋಟೆಯ ಯೋಗನರಸಿಂಹ ಸ್ವಾಮಿಯ ಬೆಟ್ಟವಿದೆ. ಕೂವೆ ಹತ್ತುವುದು ಕಾಲಿನ ಕೆಲಸ, ಕೈ ಬರೀ ಆಸರೆ. ಕೈಯಿಂದ ಮೈಯನ್ನು ಎಳೆದುಕೊಳ್ಳಲು ಹೋದವರು ಅರ್ಧ ದಾರಿಯಲ್ಲೇ ಸುಸ್ತಾಗುತ್ತಾರೆ.

ಈಜು ಬಾರದವರು ಕಲಿಯಿರಿ. ಸರಸ್ವತಿಪುರದ ವಿಶ್ವವಿದ್ಯಾನಿಲಯದ ಈಜುಕೊಳ ಅಥವಾ ನಿಮ್ಮೂರಿನ ಯಾವುದೇ ಕೊಳದಲ್ಲಿ ತರಬೇತುದಾರರಿರುವಾಗ ಕಲಿಯಿರಿ. ‘ನಮಗೆ ಕಾವೇರಿಯೇ ಇಲ್ಲವೇ’ ಎಂದು ಬಲಮುರಿಗೋ ಹಿನ್ನೀರಿಗೋ ಇಳಿಯುವುದು ಖಂಡಿತ ಬೇಡ; ಅಲ್ಲಿ ಜೀವ ಕಳೆದುಕೊಂಡವರ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತಲೇ ಇದೆ. ಇನ್ನೊಂದು ಸತ್ಯವನ್ನೂ ಹೇಳಬೇಕು: ತಣ್ಣನೆಯ ಸಮುದ್ರದಲ್ಲಿ ಬಿದ್ದವರನ್ನು ಉಳಿಸುವುದು ಅವರ ಈಜಿಗಿಂತ ಹೆಚ್ಚಾಗಿ ತೊಟ್ಟ ಜೀವರಕ್ಷಕ ಜಾಕೆಟ್ ಮತ್ತು ಬೀಳದಂತೆ ಹಾಕಿಕೊಂಡ ಕೊಕ್ಕೆ. ಈಜು ಕಲಿಯುವುದು ನೀರಿನ ಭಯ ಹೋಗಲಿ ಎಂದು.

ಇನ್ನು ಗಂಟು. ಸಂತೆಪೇಟೆಯಲ್ಲೋ ನಿಮ್ಮೂರಿನ ಹಗ್ಗದಂಗಡಿಯಲ್ಲೋ ಕಿರುಬೆರಳು ದಪ್ಪದ, ಎರಡು ಮೀಟರ್ ಹಗ್ಗ ಕೊಂಡು ಕಿಟಕಿಯ ಸರಳಿಗೆ ಕಟ್ಟಿ ಅಭ್ಯಾಸ ಮಾಡಿ. ಐದು ಗಂಟು ಸಾಕು: ಜಾರದ, ಎಷ್ಟು ಎಳೆದರೂ ಬಿಗಿದುಕೊಳ್ಳದ ಕುಣಿಕೆಗೆ ಬೋಲೈನ್, ಕಂಬಕ್ಕೆ ಬೇಗ ಕಟ್ಟಲು ಕ್ಲೋವ್ ಹಿಚ್, ಹಗ್ಗದ ತುದಿ ರಂಧ್ರದಿಂದ ಜಾರಿಹೋಗದಂತೆ ತಡೆಯಲು ಎಂಟರಾಕಾರದ ಗಂಟು, ಎರಡು ಹಗ್ಗ ಕೂಡಿಸಲು ಶೀಟ್ ಬೆಂಡ್, ಎಳೆತವಿರುವಾಗಲೂ ಬಿಚ್ಚಬಲ್ಲ ಕಟ್ಟಿಗೆ ರೌಂಡ್ ಟರ್ನ್ ಮತ್ತು ಎರಡು ಹಾಫ್ ಹಿಚ್. ದೀಪ ಆರಿಸಿ, ಕೈ ಒದ್ದೆ ಮಾಡಿಕೊಂಡು, ಹಗ್ಗವನ್ನು ಬೆನ್ನ ಹಿಂದೆ ಇಟ್ಟು ಬೋಲೈನ್ ಕಟ್ಟುವಷ್ಟು ಕೈ ಪಳಗಬೇಕು. ಎತ್ತಿನ ಗಾಡಿಗೆ ಕಬ್ಬಿನ ಹೊರೆ ಬಿಗಿದು ಬೆಳೆದವರ ಮಕ್ಕಳು ಇದರಲ್ಲಿ ಬೇಗ ಮುಂದೆ ಬರುತ್ತಾರೆ.

ಚೀಲದೊಳಗೆ ಏನಿರಬೇಕು

ಗಾಲಿ ಇರುವ ಗಟ್ಟಿ ಸೂಟ್‌ಕೇಸ್ ಒಯ್ಯಬೇಡಿ, ಇಡಲು ಜಾಗವಿರುವುದಿಲ್ಲ. ಮಡಚಿ ಹಾಸಿಗೆಯ ಕೆಳಗೆ ತುರುಕಬಹುದಾದ ಮೆತ್ತನೆಯ ಚೀಲ ಬೇಕು. ಉತ್ತರ ಸಮುದ್ರದಲ್ಲಿ ಜುಲೈ ರಾತ್ರಿಯೂ ನಮ್ಮ ಡಿಸೆಂಬರಿಗಿಂತ ಚಳಿ. ಹತ್ತಿಯ ಬಟ್ಟೆ ಒದ್ದೆಯಾದರೆ ಒಣಗುವುದಿಲ್ಲ, ಆದ್ದರಿಂದ ಉಣ್ಣೆಯ ಅಥವಾ ಸಿಂಥೆಟಿಕ್ ಒಳಬಟ್ಟೆ, ಮೇಲೆ ಒಂದು ಸ್ವೆಟರ್, ಅದರ ಮೇಲೆ ಮೇಲಂಗಿ ಮತ್ತು ಪ್ಯಾಂಟು ಬೇರೆ ಬೇರೆ ಇರುವ ಗಟ್ಟಿ ರೈನ್‌ಕೋಟ್ ಇರಲಿ. ಸ್ಕೂಟರ್ ಮೇಲೆ ತೊಡುವ ತೆಳು ಪ್ಲಾಸ್ಟಿಕ್ ಕೋಟು ಮೊದಲ ಅಲೆಗೇ ಹರಿಯುತ್ತದೆ. ಜಾರದ ತಳದ, ಬೆರಳು ಮುಚ್ಚುವ ಬೂಟು ಬೇಕು. ಕೆಂಪು ಬೆಳಕಿನ ಸೌಲಭ್ಯವಿರುವ ತಲೆದೀಪ ತಪ್ಪದೆ ಇಟ್ಟುಕೊಳ್ಳಿ. ಕತ್ತಲಿಗೆ ಕಣ್ಣು ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು, ಬಿಳಿ ಬೆಳಕು ಒಂದು ಕ್ಷಣದಲ್ಲಿ ಅದನ್ನು ಹಾಳುಮಾಡಿ ಇಡೀ ತಂಡದ ಬೈಗುಳಕ್ಕೆ ಗುರಿ ಮಾಡುತ್ತದೆ. ಕನ್ನಡಕ ಹಾಕುವವರು ಕುತ್ತಿಗೆಗೆ ಕಟ್ಟುವ ದಾರ ಮತ್ತು ಇನ್ನೊಂದು ಜೊತೆ ಕನ್ನಡಕ ಇಟ್ಟುಕೊಳ್ಳಲಿ. ನಿತ್ಯದ ಔಷಧಗಳನ್ನು ಇಂಗ್ಲಿಷಿನಲ್ಲಿ ಬರೆದ ವೈದ್ಯರ ಚೀಟಿಯೊಂದಿಗೆ ಕೈಚೀಲದಲ್ಲೇ ಒಯ್ಯಿರಿ.

ಊಟದ ವಿಷಯ ನಮ್ಮವರಿಗೆ ಸಣ್ಣದಲ್ಲ. ಸಸ್ಯಾಹಾರಿಗಳು ಅರ್ಜಿ ತುಂಬುವಾಗಲೇ ತಿಳಿಸಿದರೆ ಅಡುಗೆಯವರು ವ್ಯವಸ್ಥೆ ಮಾಡುತ್ತಾರೆ. ಹಡಗು ಹತ್ತಿದ ಮೇಲೆ ಹೇಳಿದರೆ ಬ್ರೆಡ್ಡು ಆಲೂಗಡ್ಡೆಯಲ್ಲೇ ದಿನ ಕಳೆಯಬೇಕಾದೀತು. ಚಟ್ನಿಪುಡಿ, ಹುರಿದ ರಾಗಿ ಹಿಟ್ಟು, ಶುಂಠಿ ಮಿಠಾಯಿ ಒಯ್ಯಬಹುದು. ಆದರೆ ಹೊರಗಿನ ದೇಶಗಳಿಂದ ಬರುವ ಪ್ರಯಾಣಿಕರು ಹಾಲಿನ ಪದಾರ್ಥ ತರುವುದನ್ನು ಯುರೋಪಿಯನ್ ಒಕ್ಕೂಟ ನಿಷೇಧಿಸಿದೆ, ಆಸ್ಟ್ರೇಲಿಯಾದಲ್ಲಿ ತಿನ್ನುವ ಪದಾರ್ಥ ಏನೇ ಇದ್ದರೂ ಘೋಷಿಸಬೇಕು. ತುಪ್ಪದ ಡಬ್ಬಿ, ಪೇಡ ಮನೆಯಲ್ಲೇ ಇರಲಿ. ಮೈಸೂರು ಪಾಕಿನ ವಿಷಯದಲ್ಲಿ ಕಸ್ಟಮ್ಸ್ ಅಧಿಕಾರಿಯ ಜೊತೆ ವಾದಕ್ಕಿಳಿಯುವ ಬದಲು ಹೊರಡುವ ಮೊದಲೇ ತಿಂದು ಮುಗಿಸುವುದು ಜಾಣತನ.

ಹಡಗಿನ ಮೇಲೆ

ಮೊದಲ ದಿನ ಬಂದರಿನಲ್ಲೇ ಸುರಕ್ಷತಾ ಅಭ್ಯಾಸ ನಡೆಯುತ್ತದೆ. ಜೀವರಕ್ಷಕ ಜಾಕೆಟ್ ಎಲ್ಲಿದೆ, ನಿಮ್ಮ ತೆಪ್ಪದ ಸಂಖ್ಯೆ ಯಾವುದು, ಕತ್ತಲಲ್ಲಿ ಹಾಸಿಗೆಯಿಂದ ಡೆಕ್ಕಿಗೆ ಹೋಗುವ ಎರಡು ದಾರಿ ಯಾವುವು ಎಂಬುದನ್ನು ಅಂದೇ ಕಾಲಲ್ಲಿ ನಡೆದು ನೋಡಿಕೊಳ್ಳಿ.

ನಂತರ ಹಗ್ಗಗಳ ಪಾಠ. ದೊಡ್ಡ ಚೌಕಹಾಯಿ ಹಡಗಿನಲ್ಲಿ ನೂರಕ್ಕೂ ಮಿಕ್ಕಿ ಹಗ್ಗಗಳು ಕೂವೆಯಿಂದ ಇಳಿದು, ಅಂಚಿನ ಹಲಗೆಗಳಲ್ಲಿ ಸಾಲಾಗಿ ನೆಟ್ಟ ಗೂಟಗಳಿಗೆ ಸುತ್ತಿರುತ್ತವೆ. ನೋಡಿದ ಕೂಡಲೇ ದಿಗಿಲಾಗುತ್ತದೆ, ಆದರೆ ಅದರಲ್ಲಿ ಕ್ರಮವಿದೆ: ಒಂದೇ ಬಗೆಯ ಹಗ್ಗ ಪ್ರತಿ ಕೂವೆಯಲ್ಲೂ ಹೆಚ್ಚುಕಡಿಮೆ ಅದೇ ಜಾಗದಲ್ಲಿರುತ್ತದೆ, ಎಡಕ್ಕಿರುವುದು ಬಲಕ್ಕೂ ಇರುತ್ತದೆ. ಎಲ್ಲವನ್ನೂ ಬಾಯಿಪಾಠ ಮಾಡಲು ಹೋಗದೆ, ನಿಮ್ಮ ತಂಡದ ಕೂವೆಯಲ್ಲಿ ಹಾಯಿಯನ್ನು ಏರಿಸುವುದು ಯಾವುದು, ಕೆಳಮೂಲೆ ಎಳೆಯುವುದು ಯಾವುದು, ಮೇಲಕ್ಕೆ ಮಡಿಸುವುದು ಯಾವುದು, ಅಡ್ಡಮರವನ್ನು ತಿರುಗಿಸುವುದು ಯಾವುದು ಎಂದು ಕೆಲಸದ ಮೂಲಕ ಗುರುತಿಸಿಕೊಳ್ಳಿ.

ಗೂಟಕ್ಕೆ ಹಗ್ಗ ಸುತ್ತುವ ಕ್ರಮ ಹೀಗಿದೆ. ಮೇಲಿನಿಂದ ಬಂದ ಹಗ್ಗವನ್ನು ಮೊದಲು ಗೂಟದ ಕೆಳತುದಿಯ ಹಿಂದಿನಿಂದ ತಂದು, ಅಲ್ಲಿಂದ ಅಡ್ಡಲಾಗಿ ಮೇಲೆತ್ತಿ, ಮೇಲ್ತುದಿಯನ್ನು ಬಳಸಿ, ಮತ್ತೆ ಕೆಳಕ್ಕೆ, ಹೀಗೆ ಎಂಟರ ಆಕಾರದಲ್ಲಿ ಮೂರು ನಾಲ್ಕು ಸುತ್ತು ಹಾಕಬೇಕು. ಉಳಿದ ಹಗ್ಗವನ್ನು ಗಡಿಯಾರದ ಮುಳ್ಳು ಸುತ್ತುವ ದಿಕ್ಕಿನಲ್ಲಿ ಸುರುಳಿ ಮಾಡಿ, ಅದೇ ಗೂಟಕ್ಕೆ ತೂಗುಹಾಕಬೇಕು. ಬಿಚ್ಚುವಾಗ ಅಪಾಯ ಹೆಚ್ಚು: ಮೇಲಿನ ಸುತ್ತುಗಳನ್ನು ತೆಗೆಯಿರಿ, ಆದರೆ ತಳದ ಒಂದು ಸುತ್ತನ್ನು ಬಿಟ್ಟಿರಿ, ಅದರ ತಿಕ್ಕಾಟವೇ ಮೇಲಿನ ಭಾರವನ್ನು ಹಿಡಿದಿರುತ್ತದೆ. ಭಾರವಿರುವಾಗ ಗೂಟವನ್ನು ಎಳೆದು ತೆಗೆಯಬಾರದು. ಹಗ್ಗವನ್ನು ಅಂಗೈಗೋ ಮಣಿಕಟ್ಟಿಗೋ ಸುತ್ತಿಕೊಳ್ಳಬಾರದು. ಓಡುತ್ತಿರುವ ಹಗ್ಗದ ಸುರುಳಿಯೊಳಗೆ ಕಾಲಿಡಬಾರದು. ಉಂಗುರ, ಬಳೆ, ಕೊರಳ ಸರ ಎಲ್ಲವನ್ನೂ ತೆಗೆದಿಡಿ. ಬೆರಳು ಕಳೆದುಕೊಂಡವರ ಕಥೆಗಳು ಹಳೆಯ ನಾವಿಕರ ಬಾಯಲ್ಲಿ ಸಾಕಷ್ಟಿವೆ.

ಕೂವೆ ಹತ್ತುವುದು ಹೆಚ್ಚಿನ ಹಡಗುಗಳಲ್ಲಿ ಐಚ್ಛಿಕ. ಬೇಡವೆನಿಸಿದರೆ ಬೇಡ ಎಂದು ಹೇಳಿ, ಯಾರೂ ಕೀಳಾಗಿ ಕಾಣುವುದಿಲ್ಲ. ಹತ್ತುವವರು ಜೇಬುಗಳನ್ನು ಖಾಲಿ ಮಾಡಿ, ಫೋನನ್ನು ಕೆಳಗೇ ಬಿಟ್ಟು, ಸೊಂಟದ ಪಟ್ಟಿಯನ್ನು ಸಿಬ್ಬಂದಿಯಿಂದ ಪರೀಕ್ಷಿಸಿಕೊಳ್ಳಬೇಕು. ಗಾಳಿ ಬೀಸಿಬರುವ ಕಡೆಯಿಂದಲೇ ಹತ್ತಬೇಕು. ಆಗ ಹಡಗಿನ ವಾಲುವಿಕೆ ನಿಮ್ಮನ್ನು ಹಗ್ಗದ ಏಣಿಗೆ ಒತ್ತುತ್ತದೆ, ಇನ್ನೊಂದು ಕಡೆಯಿಂದಾದರೆ ಹೊರಕ್ಕೆ ತೂಗಿಸುತ್ತದೆ. ಕೈಗಳು ಮೇಲಿಂದ ಕೆಳಗೆ ಬರುವ ಉದ್ದನೆಯ ತಂತಿಗಳನ್ನು ಹಿಡಿದಿರಲಿ, ಅಡ್ಡ ಮೆಟ್ಟಿಲ ಹಗ್ಗಗಳ ಮೇಲೆ ಕಾಲಷ್ಟೇ ಇರಲಿ, ಏಕೆಂದರೆ ಅಡ್ಡ ಹಗ್ಗ ಹರಿಯಬಹುದು, ಉದ್ದದ ತಂತಿ ಹರಿ‌ಯುವುದು ಅಪರೂಪ. ಕೂವೆಯ ಮೇಲಿನ ಮೊದಲ ಅಟ್ಟಣೆಯ ಬಳಿ ಏಣಿ ಹೊರಕ್ಕೆ ಬಾಗಿ, ಒಂದೆರಡು ಹೆಜ್ಜೆ ಬೆನ್ನು ಸಮುದ್ರದ ಕಡೆ ವಾಲಿರುವಂತೆ ಹತ್ತಬೇಕಾಗುತ್ತದೆ. ಮೊದಲ ಸಲ ಎಲ್ಲರೂ ಅಲ್ಲಿ ನಿಂತುಬಿಡುತ್ತಾರೆ. ಕೆಳಗೆ ನೋಡದೆ, ಕಾಲನ್ನು ಎತ್ತರದ ಮೆಟ್ಟಿಲಿಗೆ ಇಟ್ಟು, ಸೊಂಟವನ್ನು ತಂತಿಗೆ ಹತ್ತಿರ ತಂದರೆ ದಾಟುವುದು ಸುಲಭ. ಅಡ್ಡಮರದ ಕೆಳಗಿನ ಕಾಲುಹಗ್ಗಕ್ಕೆ ಕಾಲಿಡುವ ಮುನ್ನ ಅಲ್ಲಿರುವವರಿಗೆ ಕೂಗಿ ಹೇಳಬೇಕು, ನೀವು ಇಟ್ಟ ಹೆಜ್ಜೆಗೆ ಅವರ ಕಾಲಡಿಯ ಹಗ್ಗವೂ ಮೇಲೆದ್ದು ಅಲುಗುತ್ತದೆ.

ಚುಕ್ಕಾಣಿ ಹಿಡಿದಾಗ ಕಾರು ಓಡಿಸುವವರ ಕೈ ಮೋಸಮಾಡುತ್ತದೆ. ಚಕ್ರ ತಿರುಗಿಸಿದ ಮೇಲೆ ಹಡಗು ತಿರುಗಲು ತಡವಾಗುತ್ತದೆ. ತಿರುಗಲಿಲ್ಲವೆಂದು ಇನ್ನಷ್ಟು ತಿರುಗಿಸಿದರೆ ಹಾವಿನ ದಾರಿ. ಸ್ವಲ್ಪ ತಿರುಗಿಸಿ, ಕಾದು, ಹಡಗು ತಿರುಗಲು ಆರಂಭಿಸಿದ ಕೂಡಲೇ ಚಕ್ರವನ್ನು ಹಿಂದಕ್ಕೆ ತನ್ನಿ. ದಿಕ್ಸೂಚಿಯನ್ನೇ ದಿಟ್ಟಿಸುವ ಬದಲು ಮುಂದೊಂದು ನಕ್ಷತ್ರವನ್ನು ಗುರುತಿಟ್ಟುಕೊಂಡು, ಆಗಾಗ ದಿಕ್ಸೂಚಿ ನೋಡಿದರೆ ಸಾಕು. ಅಧಿಕಾರಿ ಕೊಟ್ಟ ದಿಕ್ಕಿನ ಸಂಖ್ಯೆಯನ್ನು ಗಟ್ಟಿಯಾಗಿ ಮರುನುಡಿಯಿರಿ, ಚಕ್ರವನ್ನು ಮುಂದಿನವರಿಗೆ ಒಪ್ಪಿಸುವಾಗಲೂ ಹಾಗೆಯೇ ಹೇಳಿ ಒಪ್ಪಿಸಿ.

ಕಡಲ ವಾಂತಿ ಬರುತ್ತದೆ ಎಂದೇ ತಿಳಿದು ಹೊರಡಿ. ಸಿನ್ನಾರಿಜಿನ್, ಮೆಕ್ಲಿಜಿನ್ ಮುಂತಾದ ಮಾತ್ರೆಗಳಲ್ಲಿ ನಿಮಗೆ ಯಾವುದು ಸರಿ ಎಂದು ಊರಿನ ವೈದ್ಯರನ್ನು ಕೇಳಿ, ನಿದ್ದೆ ಎಷ್ಟು ಬರಿಸುತ್ತದೆಂದು ಮನೆಯಲ್ಲೇ ಒಮ್ಮೆ ನೋಡಿಕೊಂಡು, ಹಡಗು ಹೊರಡುವ ಮೊದಲೇ ತೆಗೆದುಕೊಳ್ಳಿ. ಹೊಟ್ಟೆ ತೊಳಸತೊಡಗಿದ ಮೇಲೆ ನುಂಗಿದ ಮಾತ್ರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಕೆಳಗೆ ಮುದುರಿ ಮಲಗುವುದಕ್ಕಿಂತ ಡೆಕ್ಕಿನಲ್ಲಿ ದಿಗಂತ ನೋಡುತ್ತ ಕೆಲಸ ಮಾಡುವುದು ಮೇಲು. ಒಣ ಬಿಸ್ಕತ್ತು, ಸ್ವಲ್ಪ ಸ್ವಲ್ಪ ನೀರು ನಿಲ್ಲಿಸಬೇಡಿ. ವಾಂತಿಗೆ ಗಾಳಿ ಹೋಗುವ ಕಡೆಯ ಅಂಚಿಗೆ ಹೋಗಿ, ಕೊಕ್ಕೆ ಹಾಕಿಕೊಂಡೇ ಬಗ್ಗಿ. ಎರಡು ಮೂರು ದಿನದಲ್ಲಿ ಹೆಚ್ಚಿನವರ ಮೈ ಒಗ್ಗುತ್ತದೆ. ಸಿಹಿನೀರು ಅಳತೆಯದು, ಬಕೆಟ್ಟು ಬಕೆಟ್ಟು ಸುರಿದುಕೊಳ್ಳುವ ಸ್ನಾನವನ್ನು ಆ ದಿನಗಳಲ್ಲಿ ಮರೆಯಬೇಕು.

ಇಳಿಯುವ ಮುನ್ನ

ಯಾನದ ದಿನಾಂಕ, ಕ್ರಮಿಸಿದ ನಾಟಿಕಲ್ ಮೈಲಿ, ಮಾಡಿದ ಕೆಲಸ ನಮೂದಿಸಿದ ಪತ್ರಕ್ಕೆ ಕ್ಯಾಪ್ಟನ್ ಸಹಿ ಹಾಕಿಸಿಕೊಳ್ಳಿ. ಮುಂದೆ ಇನ್ನೊಂದು ಹಡಗಿಗೆ ಅರ್ಜಿ ಹಾಕುವಾಗ, ಅಥವಾ ಸ್ವಯಂಸೇವಕ ಸಿಬ್ಬಂದಿಯಾಗಿ ಕಡಿಮೆ ಖರ್ಚಿನಲ್ಲಿ ಹೋಗಬೇಕೆಂದಾಗ ಇದು ನೆರವಾಗುತ್ತದೆ. ವಾಣಿಜ್ಯ ಹಡಗುಗಳಲ್ಲಿ ಉದ್ಯೋಗಕ್ಕೆ ಹೋಗಬೇಕೆನ್ನುವವರಿಗೆ ಮಾತ್ರ ಈ ಪತ್ರ ಸಾಲದು: ಅದಕ್ಕೆ ಡಿಜಿ ಶಿಪ್ಪಿಂಗ್ (ಕೇಂದ್ರ ಸರ್ಕಾರದ ಹಡಗು ಇಲಾಖೆಯ ಮಹಾನಿರ್ದೇಶನಾಲಯ) ಮಾನ್ಯತೆ ಪಡೆದ ಸಂಸ್ಥೆಯಲ್ಲಿ ತರಬೇತಿ, ವೈದ್ಯಕೀಯ ಪರೀಕ್ಷೆ ಮತ್ತು ಸಿಡಿಸಿ ಎಂಬ ನಾವಿಕರ ಗುರುತಿನ ಪುಸ್ತಕ ಬೇಕು. ಹಾಯಿಹಡಗಿನ ಯಾನ ತೋರಿಸಿದರೆ ಅವು ಸಿಗುತ್ತವೆ ಎಂದು ಹಣ ಕೇಳುವ ಏಜೆಂಟರು ಎದುರಾದರೆ ಅವರ ಮಾತಿಗೆ ಮರುಳಾಗದೆ ಡಿಜಿ ಶಿಪ್ಪಿಂಗ್‌ನ ಮಾನ್ಯ ಸಂಸ್ಥೆಗಳ ಪಟ್ಟಿಯನ್ನು ನೀವೇ ನೋಡಿ.